ದುರ್ಬೀನು ಕೈಬಿಟ್ಟ ಹೊತ್ತು

ಕರಡಿ ಹುಡುಕಲು ಕೂತವನು ಮೊದಲು ಮನುಷ್ಯರನ್ನು ಹುಡುಕಬೇಕು. ಈ ಒಂದು ಮಾತು ಹೇಳಿ ನಾನು ಸುಮ್ಮನಾಗಿಬಿಡಬಹುದು, ನನ್ನ ಇಡೀ ಕೆಲಸದ ಸಾರ ಅಷ್ಟೇ. ಆದರೆ ಮೊನ್ನೆ ನಮ್ಮ ಕುದೇರಿನ ಹುಡುಗರಿಬ್ಬರು ಕಾಡಿನ ಇಲಾಖೆಗೆ ವಾಚರುಗಳಾಗಿ ಸೇರಿ, ಹೊಸ ಖಾಕಿ ಹಾಕಿಕೊಂಡು ನನ್ನ ಜಗಲಿಗೆ ಬಂದು ಕೂತರು. ನಿಮ್ಮ ಕಾಲದಲ್ಲಿ ಹೇಗಿತ್ತು ಹೇಳಿ ತಾತ ಎಂದರು. ಒಂದು ಮಾತಿಗೆ ಅವರು ಏಳುವ ಹಾಗೆ ಕಾಣಲಿಲ್ಲ. ಆದ್ದರಿಂದ ಇಷ್ಟುದ್ದ ಬರೆಯುತ್ತಿದ್ದೇನೆ. ಈಗ ಬೇಟೆಯೂ ಇಲ್ಲ, ಬೇಟೆಯ ಪರವಾನಗಿಯೂ ಇಲ್ಲ, ಅದು ಒಳ್ಳೆಯದೇ ಆಯಿತು. ನೋಡುವ ಕೆಲಸ ಮಾತ್ರ ಅಂದಿಗೂ ಇಂದಿಗೂ ಒಂದೇ.

ಐವತ್ತರ ದಶಕದ ಮಾತು. ಚಾಮರಾಜನಗರ, ಗುಂಡ್ಲುಪೇಟೆ ಎರಡೂ ಆಗ ಮೈಸೂರು ಜಿಲ್ಲೆಯ ತಾಲ್ಲೂಕುಗಳು. ಪರವಾನಗಿ ಪಡೆದು ಬೇಟೆಗೆ ಬರುವವರ ಜೊತೆ ಇಲಾಖೆಯ ಒಬ್ಬ ವಾಚರ್ ಹೋಗಬೇಕಿತ್ತು. ನಾನು ಸೇರಿದಾಗ ಕರಡಿ ಬೇಟೆ ಎಂದರೆ ಊರಿನ ಜನರನ್ನು ಕೂಡಿಸಿ, ತಮಟೆ ಬಡಿದು, ಕಾಡನ್ನು ಸೋವಿ ಪ್ರಾಣಿಗಳನ್ನು ಹೊರಗಟ್ಟುವುದು. ಕರಡಿಯೊಂದನ್ನು ಬಿಟ್ಟು ಮಿಕ್ಕ ಪ್ರಾಣಿಗಳೆಲ್ಲ ಹೊರಗೆ ಬರುತ್ತಿದ್ದವು. ಹೊಸದಾಗಿ ಬಂದ ನಮ್ಮ ರೇಂಜರು ಈ ಗದ್ದಲ ಸಾಕು ಎಂದು ಮೈಸೂರಿನಲ್ಲಿ ಒಂದು ಹಳೆಯ ದುರ್ಬೀನು ಕೊಂಡು ತಂದರು. ಯುದ್ಧದಲ್ಲಿ ಯಾವ ಸೋಲ್ಜರನ ಕೊರಳಲ್ಲಿ ತೂಗಾಡಿತ್ತೋ ಏನೋ, ಒಂದು ಕಡೆಯ ತಿರುಗಣೆ ಸಡಿಲವಾಗಿ ದಾರ ಸುತ್ತಿತ್ತು. ಅದನ್ನು ನನ್ನ ಕೊರಳಿಗೆ ಹಾಕಿದರು. ನನ್ನ ಕಣ್ಣು ಚುರುಕೆಂದು ಆರಿಸಿದರು ಎಂದುಕೊಳ್ಳಬೇಡಿ. ಮಿಕ್ಕ ವಾಚರುಗಳು ಒಂದು ಕಡೆ ಕೂರುತ್ತಿರಲಿಲ್ಲ, ನಾನು ಕೂರಿಸಿದಲ್ಲಿ ಕೂರುತ್ತಿದ್ದೆ. ಸೋಮಾರಿತನಕ್ಕೂ ಒಂದು ಹುದ್ದೆ ಇದೆಯೆಂದು ನಮ್ಮವ್ವ ಬಹಳ ಹಿಗ್ಗಿದಳು.

ದುರ್ಬೀನು ಸಿಕ್ಕ ತಕ್ಷಣ ಎಲ್ಲರೂ ಮಾಡುವ ತಪ್ಪು ಎಂದರೆ ಅದನ್ನು ಕಣ್ಣಿಗಿಟ್ಟುಕೊಂಡು ಗುಡ್ಡವೆಲ್ಲ ಸುತ್ತಿಸುವುದು. ಹಾಗೆ ಸುತ್ತಿದರೆ ತಲೆ ಸುತ್ತುತ್ತದೆಯೇ ಹೊರತು ಕರಡಿ ಕಾಣುವುದಿಲ್ಲ. ಮೊದಲು ಬರಿಗಣ್ಣಿನಲ್ಲಿ ಗುಡ್ಡವನ್ನು ಹೊಲದ ಹಾಗೆ ಪಟ್ಟೆ ಪಟ್ಟೆಯಾಗಿ ಮನಸ್ಸಿನಲ್ಲೇ ಭಾಗ ಮಾಡಿಕೊಳ್ಳಬೇಕು. ಮೊಣಕೈಯನ್ನು ಮಂಡಿಗೆ ಊರಿ, ಒಂದೊಂದು ಪಟ್ಟೆಯನ್ನೂ ಬಲದಿಂದ ಎಡಕ್ಕೆ ನೋಡಬೇಕು. ನಾವು ಓದುವುದು ಎಡದಿಂದ ಬಲಕ್ಕೆ, ಅದೇ ಅಭ್ಯಾಸದಲ್ಲಿ ಕಣ್ಣು ಜಾರಿಬಿಡುತ್ತದೆ. ಎದುರು ನಡೆಸಿದರೆ ತಡವರಿಸಿ ನೋಡುತ್ತದೆ. ಇಡೀ ಕರಡಿಯನ್ನು ಹುಡುಕಬಾರದು. ಹೊಸದಾಗಿ ಕೆದಕಿದ ಹುತ್ತದ ಕೆಂಪು ಮಣ್ಣು, ಅಲುಗಾಡುವ ಪೊದೆ, ಬೂದು ಬಣ್ಣದ ಮೂತಿ, ಇಂಥ ಚೂರುಪಾರು ಸಿಕ್ಕರೆ ಮಿಕ್ಕ ಕರಡಿ ಅದರ ಹಿಂದೆಯೇ ಇರುತ್ತದೆ. ಮಳೆಯಲ್ಲಿ ಗಾಜಿಗೆ ಹಬೆ ಹಿಡಿಯುತ್ತದೆ. ಊದಿ ಒರೆಸಿದರೆ ಇನ್ನೂ ಹಿಡಿಯುತ್ತದೆ, ಆದ್ದರಿಂದ ಉಸಿರು ಬಿಗಿಹಿಡಿದು ಒಣಬಟ್ಟೆಯಲ್ಲಿ ಒರೆಸಬೇಕು.

ಹರವೆ ಕಡೆಯ ಒಂದು ಗುಡ್ಡದಲ್ಲಿ ನಡೆದದ್ದು ಹೇಳುತ್ತೇನೆ. ಸುಡುಬಿಸಿಲಿನ ಮಧ್ಯಾಹ್ನ. ರೇಂಜರು ನನ್ನ ಕೈಯಿಂದ ದುರ್ಬೀನು ಕಸಿದುಕೊಂಡು, ಅಗೋ ಕರಡಿ, ತಲೆ ಅಲ್ಲಾಡಿಸುತ್ತಿದೆ ಎಂದರು. ನಾನೂ ನೋಡಿದೆ. ಅದು ಬೆಂಕಿಯಲ್ಲಿ ಸುಟ್ಟ ಮರದ ಮೋಟು ಸ್ವಾಮಿ, ಬಿಸಿಗಾಳಿಗೆ ಅಲ್ಲಾಡಿದ ಹಾಗೆ ಕಾಣುತ್ತದೆ ಎಂದೆ. ಕಂಡದ್ದು ಕಂಡ ಹಾಗೆ ಹೇಳಿದರೆ ಕೆಂಡದಂಥ ಕೋಪ ಎನ್ನುತ್ತಾರಲ್ಲ, ರೇಂಜರ ಮುಖ ಹಾಗಾಯಿತು. ಜೊತೆಗಿದ್ದ ಬೇಟೆಯ ಅತಿಥಿ ಗುಂಡು ಹಾರಿಸಿಯೇಬಿಟ್ಟ. ಗುಂಡು ನೆಟ್ಟಗೇ ತಗಲಿ ಇದ್ದಿಲ ಪುಡಿ ಹಾರಿತು. ಊಟದ ಹೊತ್ತಿಗೆ ರೇಂಜರೇ ಮೊದಲು ನಕ್ಕರು. ಸಿಡುಕಿದರೂ ನಗಬಲ್ಲ ಮನುಷ್ಯ ಅವರು, ಅಂಥ ಮೇಲಧಿಕಾರಿ ಸಿಕ್ಕುವುದು ಪುಣ್ಯ. ಅಂದಿನಿಂದ ಅವರದೇ ಒಂದು ನಿಯಮವಾಯಿತು. ಅನುಮಾನವಿದ್ದರೆ ಕಾಯುವುದು, ಏಕೆಂದರೆ ಕರಡಿಯಾದರೆ ಎದ್ದು ಹೊರಡುತ್ತದೆ, ತಾಳ್ಮೆಯಲ್ಲಿ ಮೋಟೇ ಕರಡಿಯನ್ನು ಗೆಲ್ಲುತ್ತದೆ.

ಅವರು ಮಾಡಿದ ಇನ್ನೊಂದು ನಿಯಮ ಸನ್ನೆಯದು. ಕರಡಿ ಕಂಡ ಮೇಲೆ ಬಂದೂಕಿನವನು ಗುಡ್ಡ ಇಳಿದು ಹತ್ತಿರ ಹೋಗಬೇಕು. ಇಳಿದ ಮೇಲೆ ಲಾಂಟಾನದ ಪೊದೆಗಳ ಮಧ್ಯೆ ಅವನಿಗೆ ತನ್ನ ಕಾಲೇ ಕಾಣುವುದಿಲ್ಲ. ಆದ್ದರಿಂದ ನಾನು ಬಂಡೆಯ ಮೇಲೇ ಉಳಿದು, ದುರ್ಬೀನಿನಲ್ಲಿ ನೋಡುತ್ತಾ ಸನ್ನೆ ಕೊಡಬೇಕು. ಟವೆಲನ್ನು ಬಲಕ್ಕೆ ಬೀಸಿದರೆ ಬಲಕ್ಕೆ ಹೋಗು, ಎಡಕ್ಕೆ ಬೀಸಿದರೆ ಎಡಕ್ಕೆ. ಎರಡೂ ಕೈ ಮೇಲೆತ್ತಿದರೆ ನಿಲ್ಲು, ಗುಂಡು ಹಾರಿಸಬೇಡ. ಕೈ ಇಳಿಸಿದರೆ ಇನ್ನು ನಿನ್ನಿಷ್ಟ. ಬಂದೂಕಿನವನು ಗುಂಡು ಹಾರಿಸುವ ಕುದುರೆ ಎಳೆಯುವ ಮೊದಲು ಒಮ್ಮೆ ಹಿಂದಕ್ಕೆ ತಿರುಗಿ ನನ್ನನ್ನು ನೋಡಲೇಬೇಕು. ಚೆನ್ನಾಗಿದೆಯಲ್ಲವೇ? ನಮಗೂ ಚೆನ್ನಾಗಿಯೇ ಕಂಡಿತ್ತು. ಇದರಲ್ಲಿ ಒಂದು ಹುಳುಕಿರುವುದು ಒಂದು ಆಷಾಢದ ಸೋಮವಾರದವರೆಗೆ ಯಾರಿಗೂ ತಿಳಿಯಲಿಲ್ಲ.

ಆ ವರ್ಷ ಬೇಗೂರು ಸೀಮೆಯಲ್ಲಿ ಹೊಲಕ್ಕೆ ಹೊರಟಿದ್ದ ಒಬ್ಬ ರೈತನ ಮುಖವನ್ನು ಕರಡಿ ಕಿತ್ತುಹಾಕಿತ್ತು. ಬದುಕಿದ, ಆದರೆ ಅವನ ಮಕ್ಕಳೇ ಅವನನ್ನು ನೋಡಿ ಅಳುವ ಹಾಗಾಗಿದ್ದ. ಅದನ್ನು ಹೊಡೆಯಲು ಅಪ್ಪಣೆ ಆಗಿ ಮೈಸೂರಿನಿಂದ ಒಬ್ಬ ನಿವೃತ್ತ ಮೇಜರು ಬಂದರು. ಗಟ್ಟಿ ಆಳು, ಮಾತು ಕಡಿಮೆ. ನಾವಿಬ್ಬರೂ ಬೇಗೂರಿನಾಚೆಯ ಗುಡ್ಡದ ಮೇಲೆ ಒಂದು ಬಂಡೆ ಹಿಡಿದು ಕೂತೆವು. ಸೋನೆ ಮಳೆ ಜಿನುಗುತ್ತಿತ್ತು. ಕೆಳಗೆ ಹುಲ್ಲುಗಾವಲು, ನಡುವೆ ಒಂದು ಹೊಂಗೆ ಮರ, ಮರದ ಹತ್ತಿರ ಒಂದು ಚಪ್ಪಟೆ ಕಲ್ಲು.

ನಾನು ಮೊದಲು ಮನುಷ್ಯರನ್ನೇ ಹುಡುಕಿದೆ. ಹೊಂಗೆ ಮರದ ಕೆಳಗೆ ಒಬ್ಬ ಯಜಮಾನರು ಕರಿ ಕಂಬಳಿಯ ಕೊಪ್ಪೆ ಹಾಕಿಕೊಂಡು ಕುಕ್ಕರಗಾಲಲ್ಲಿ ಕೂತು ದನ ಕಾಯುತ್ತಿದ್ದರು. ಕೊಪ್ಪೆ ಎಂದರೆ ಕಂಬಳಿಯನ್ನು ಮಡಿಸಿ ತಲೆಯ ಮೇಲಿಂದ ಬೆನ್ನಿಗೆ ಇಳಿಬಿಟ್ಟುಕೊಳ್ಳುವುದು. ಮಳೆಯಲ್ಲಿ ನಮ್ಮ ಕಡೆಯ ಗಂಡಸರೆಲ್ಲ ಹಾಗೆಯೇ. ಸ್ವಲ್ಪ ಹೊತ್ತಿಗೆ ಅವರ ಎತ್ತೊಂದು ದಿಬ್ಬದಾಚೆ ಹೋಯಿತು, ಅವರೂ ಅದರ ಹಿಂದೆ ಹೋಗಿ ಮರೆಯಾದರು. ಆ ಮೇಲೆ ಬಂಡೆಗಳ ಸಂದಿಯಿಂದ ಕರಡಿ ಹೊರಬಂತು. ಮೂಸುತ್ತಾ ಮೂಸುತ್ತಾ ಹೊಂಗೆ ಮರದ ಬುಡದ ಹುತ್ತಕ್ಕೆ ಬಂದು, ನಮಗೆ ಬೆನ್ನು ಹಾಕಿ ಕುಕ್ಕರಿಸಿ ಕೆದಕತೊಡಗಿತು. ಸಾಕ್ಷಾತ್ ಕಂಬಳಿ ಹೊದ್ದ ಯಜಮಾನರೇ. ಅವರು ಎದ್ದುಹೋದದ್ದನ್ನು ಕಾಣದವನಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ.

ಮೇಜರು ಬಂದೂಕು ಎತ್ತಿಕೊಂಡರು. ಆಗಲೇ ಊರ ಕಡೆಯ ಕಾಲುದಾರಿಯಲ್ಲಿ ಕೆಂಪು ಸೀರೆಯ ಹೆಂಗಸೊಬ್ಬಳು ಕಂಡಳು. ತಲೆಯ ಮೇಲೆ ಗೋಣಿಚೀಲದ ಕೊಪ್ಪೆ, ಅದರ ಮೇಲೆ ಬುತ್ತಿಯ ಬಿದಿರು ಮಕ್ಕರಿ. ನೆಟ್ಟಗೆ ಹೊಂಗೆ ಮರಕ್ಕೆ ಬರುತ್ತಿದ್ದಳು.

ನನಗೆ ಎಲ್ಲ ಒಂದೇ ಸಲಕ್ಕೆ ಹೊಳೆಯಿತು, ತಲೆ ತಗ್ಗಿಸಿ ಬರುವ ರೀತಿ ನೋಡಿದರೆ ಅವಳು ಯಜಮಾನರ ಸೊಸೆಯೇ. ನಮ್ಮ ಕಡೆ ಆಗ ಸೊಸೆ ಮಾವನ ಮುಖ ನೋಡುವಂತಿರಲಿಲ್ಲ. ಹೊಲಕ್ಕೆ ಬುತ್ತಿ ತಂದರೆ ತಲೆ ತಗ್ಗಿಸಿ ಬಂದು, ಕಲ್ಲಿನ ಮೇಲೆ ಇಟ್ಟು, ಮುಚ್ಚಳ ತೆಗೆದು, ಬಳೆ ಸದ್ದು ಮಾಡಿ ದೂರ ಹೋಗಬೇಕು. ಬೆನ್ನು ಮಾಡಿ ಕೂರಬೇಕು. ಮಾವ ಉಂಡು ಪಾತ್ರೆ ಸದ್ದು ಮಾಡಿ ಎದ್ದುಹೋದ ಮೇಲೆ ಬಂದು ಪಾತ್ರೆ ಎತ್ತಿಕೊಳ್ಳಬೇಕು. ನಮ್ಮ ಮನೆಯಲ್ಲೂ ಹಾಗೆಯೇ ಇತ್ತು. ಈಕೆ ಕಣ್ಣಿನ ಅಂಚಿನಲ್ಲಿ ಕರಿ ಕಂಬಳಿ ನೋಡಿದ್ದಾಳೆ, ಅಷ್ಟು ಸಾಕು ಅವಳಿಗೆ. ಕತ್ತೆತ್ತಿ ನೋಡುವುದು ಮರ್ಯಾದೆಯಲ್ಲ.

ಕೂಗಿದೆ. ಆ ದೂರಕ್ಕೆ, ಆ ಗಾಳಿಗೆ ನನ್ನ ಕೂಗು ನನಗೇ ಕೇಳಲಿಲ್ಲ. ದುರ್ಬೀನಿನ ದೊಡ್ಡ ಮೋಸ ಇದು. ಅವಳ ಕೈಬಳೆಯ ಬಣ್ಣ ಕಾಣುತ್ತಿದೆ, ಕೈ ಚಾಚಿದರೆ ಸಿಗುತ್ತಾಳೆ ಅನ್ನಿಸುತ್ತಿದೆ, ಆದರೆ ನಾನು ಅವಳ ಪಾಲಿಗೆ ಬೇರೆ ಊರಿನಲ್ಲಿದ್ದೇನೆ. ಇಲ್ಲಿಂದಲೇ ಹೊಡೆದುಬಿಡಿ ಸ್ವಾಮಿ ಎಂದು ಮೇಜರ ಕೈ ಹಿಡಿದುಕೊಂಡೆ.

“ಇಲ್ಲಿಂದ ಹೊಡೆದ್ರೆ ಸಾಯಲ್ಲಪ್ಪ, ಗಾಯ ಆಗುತ್ತೆ,” ಎಂದರು ಅವರು. “ಗಾಯ ಆದ ಕರಡಿ ಹತ್ತಿರ ಇದ್ದೋರ ಮೇಲೆ ಬೀಳುತ್ತೆ. ನಾನು ಇಳೀತೀನಿ. ನೀನು ಕಣ್ಣು ತೆಗೀಬೇಡ.”

ಅವರು ಇಳಿದು ಪೊದೆಗಳಲ್ಲಿ ಮುಳುಗಿದರು. ನಾನು ಕಣ್ಣು ತೆಗೆಯಲಿಲ್ಲ. ಅವಳು ಬಂದಳು. ಮಕ್ಕರಿ ಇಳಿಸಿ ಪಾತ್ರೆಗಳನ್ನು ಕಲ್ಲಿನ ಮೇಲೆ ಇಟ್ಟಳು. ಮುಚ್ಚಳ ತೆಗೆದಳು. ಕೈ ಅಲ್ಲಾಡಿಸಿ ಬಳೆ ಸದ್ದು ಮಾಡಿದಳು. ತಿರುಗಿ ಹೋಗಿ, ಒಂದು ಕುರುಚಲು ಪೊದೆಯ ಪಕ್ಕದಲ್ಲಿ ಕರಡಿಗೆ ಬೆನ್ನು ಮಾಡಿ, ಸೆರಗೆಳೆದುಕೊಂಡು ಕೂತಳು. ಕೂತ ರೀತಿಯಲ್ಲಿ ಒಂದು ಬಗೆಯ ನೆಮ್ಮದಿ ಇತ್ತು.

ಕರಡಿಗೆ ಕಣ್ಣು ಮಂದ, ಕಿವಿ ಮಂದ, ಮೂಗು ಮಾತ್ರ ಬಲು ಚುರುಕು. ಮೂತಿಯನ್ನು ಆಕಾಶಕ್ಕೆತ್ತಿ ಗಾಳಿ ಮೂಸಿತು. ಹುತ್ತ ಬಿಟ್ಟು ಕಲ್ಲಿನ ಕಡೆ ಬಂತು. ಪಾತ್ರೆಗೆ ಮೂತಿ ಹಾಕಿತು.

ಟವೆಲ್ ಬೀಸಿ ಮೇಜರನ್ನು ಎಡಕ್ಕೆ ಕಳಿಸಿದೆ, ಮತ್ತೆ ಸ್ವಲ್ಪ ಬಲಕ್ಕೆ. ಅವರು ಒಂದು ಗುಂಡುಕಲ್ಲಿನ ಮರೆಗೆ ಬಂದು ಮಂಡಿಯೂರಿದರು. ಬಂದೂಕು ಹೆಗಲಿಗೇರಿತು. ಮೇಲಿನಿಂದ ನನಗೆ ಕಾಣುತ್ತಿದ್ದದ್ದು ಅವರಿಗೆ ಕಾಣುತ್ತಿರಲಿಲ್ಲ. ಬಂದೂಕು, ಕರಡಿ, ಅದರಾಚೆ ಪೊದೆಯ ಮರೆಯಲ್ಲಿ ಕೂತ ಸೊಸೆ, ಮೂರೂ ಒಂದೇ ಗೆರೆಯಲ್ಲಿದ್ದವು. ಗುಂಡು ತಪ್ಪಿದರೆ ಅವಳಿಗೆ. ಮೇಜರು ನಿಯಮದಂತೆ ಹಿಂದಕ್ಕೆ ತಿರುಗಿ ನನ್ನನ್ನು ನೋಡಿದರು.

ನಾನು ಎರಡೂ ಕೈ ಮೇಲೆತ್ತಿದೆ. ದುರ್ಬೀನು ಕಳಚಿ ಎದೆಗೆ ಬಿತ್ತು.

ಹುಳುಕು ಅದೇ. ಹೊಡೆಯಬೇಡ ಎನ್ನಲು ಎರಡು ಕೈ ಬೇಕು, ದುರ್ಬೀನು ಹಿಡಿಯಲು ಕೈಯೇ ಉಳಿಯುವುದಿಲ್ಲ. ಎಲ್ಲಕ್ಕಿಂತ ಹೆಚ್ಚು ನೋಡಲೇಬೇಕಾದ ಹೊತ್ತಿನಲ್ಲಿ ನಾನು ಕುರುಡ. ಒಂದು ಕೈ ಇಳಿಸಿದರೂ ಮೇಜರು ಗುಂಡು ಹಾರಿಸಬಹುದು ಎಂಬ ಭಯ. ಸೋನೆಯ ತೆರೆಯಾಚೆ ಬರಿಗಣ್ಣಿಗೆ ಕಾಣುತ್ತಿದ್ದದ್ದು ಒಂದು ಕರಿ ಚುಕ್ಕೆ, ಒಂದು ಕೆಂಪು ಚುಕ್ಕೆ. ಮಾದಪ್ಪ, ಮಾದಪ್ಪ ಎಂದು ದೇವರ ಹೆಸರು ಹೇಳುತ್ತಾ ನಿಂತೆ. ಕರಿ ಚುಕ್ಕೆ ಅಲ್ಲಾಡಿತು. ಮೆಲ್ಲಗೆ ಕೆಂಪು ಚುಕ್ಕೆಯ ಕಡೆ ಹೊರಟಿತು. ನಾನು ನೋಡುತ್ತಿದ್ದ ಹಾಗೆಯೇ ಎರಡೂ ಒಂದಾಗಿಹೋದವು.

ಆ ಹೊತ್ತು ಎಷ್ಟಿತ್ತೆಂದು ಕೇಳಬೇಡಿ. ಆ ಮೇಲೆ ಕರಿ ಚುಕ್ಕೆ ಕೆಂಪು ಚುಕ್ಕೆಯ ಇನ್ನೊಂದು ಪಕ್ಕದಿಂದ ಹೊರಬಂದು, ಬಂಡೆಗಳ ಕಡೆ ಹೋಗಿ ಕರಗಿತು. ಕೆಂಪು ಚುಕ್ಕೆ ಎದ್ದು ನಿಂತಿತು. ಮೇಜರು ಟೋಪಿ ಬೀಸಿ ನನ್ನನ್ನು ಕರೆಯುತ್ತಿದ್ದರು. ನಾನು ಕೈ ಇಳಿಸಿ, ಬಂಡೆಯ ಮೇಲೆ ಕೂತು, ಸಣ್ಣ ಮಗುವಿನ ಹಾಗೆ ಬಿಕ್ಕಿದೆ. ಹೋದ ಜೀವ ಬಂದಂತಾಯಿತು ಎನ್ನುತ್ತೇವಲ್ಲ, ಬರುವಾಗ ಅದು ಹೀಗೆ ಅಳಿಸಿಕೊಂಡೇ ಬರುತ್ತದೆ.

ಓಡಿ ಇಳಿದು ಹೋದೆ. ನಾನು ತಲುಪುವ ಹೊತ್ತಿಗೆ ಯಜಮಾನರೂ ಎತ್ತು ಹೊಡೆದುಕೊಂಡು ದಿಬ್ಬ ಇಳಿದು ಬಂದಿದ್ದರು. ಅವರ ಹೆಸರು ಮಲ್ಲಪ್ಪ, ಸೊಸೆಯ ಹೆಸರು ಚಿಕ್ಕತಾಯಮ್ಮ ಎಂದು ಆಮೇಲೆ ತಿಳಿಯಿತು. ಮಲ್ಲಪ್ಪ ಹಸಿದ ಸಿಟ್ಟಿನಲ್ಲಿ, ಗಾಳಿಗೆ ಹೇಳುವ ಹಾಗೆ ಬುತ್ತಿ ಎಲ್ಲಿ ಎನ್ನುತ್ತಿದ್ದರು. ಅವಳು ತಲೆ ತಗ್ಗಿಸಿ, ಗೌರವದಿಂದ ಹೊಂಗೆ ಮರಕ್ಕೆ ಹೇಳುವ ಹಾಗೆ, ಈಗ ತಾನೇ ಉಂಡರಲ್ಲ ಎನ್ನುತ್ತಿದ್ದಳು. ಮಾವನಿಗೆ ಅರಳುಮರಳಾಯಿತೆಂದು ಅವಳಿಗೆ ಭಯ. ಸೊಸೆ ಸುಳ್ಳು ಕಲಿತಳೆಂದು ಅವರಿಗೆ ಕೋಪ. ಮೇಜರು ಬೆವರಿ ಬೆಪ್ಪಾಗಿ ನಡುವೆ ನಿಂತಿದ್ದರು.

ಉಂಡದ್ದು ಯಾರೆಂದು ನಾನು ಹೇಳಿದೆ. ಅವಳು ನಂಬಲಿಲ್ಲ. ಮೇಜರು ಪಾತ್ರೆ ಎತ್ತಿ ತೋರಿಸಿದರು. ನೆಕ್ಕಿ ನೆಕ್ಕಿ ತೊಳೆದಂತಿದ್ದ ಕಂಚಿನ ಅಂಚಿಗೆ ಉದ್ದನೆಯ ಕರಿ ಕೂದಲು ಅಂಟಿತ್ತು. ಕೆಸರಿನಲ್ಲಿ ಉಗುರಿನ ಗುರುತು ಅವಳು ಕೂತಿದ್ದ ಜಾಗದ ಪಕ್ಕದಲ್ಲೇ, ಒಂದು ಮೊಳದಾಚೆ ಹಾದುಹೋಗಿತ್ತು. ಕರಡಿ ಉಂಡು ಮುಗಿಸಿ ಪಾತ್ರೆ ಉರುಳಿಸಿದ್ದನ್ನು ಮಾವ ಎದ್ದ ಸೂಚನೆ ಎಂದುಕೊಂಡಿದ್ದಳು. ಅದು ಪಕ್ಕದಲ್ಲಿ ಹೋಗುವಾಗ ಇನ್ನಷ್ಟು ತಲೆ ತಗ್ಗಿಸಿದ್ದಳಂತೆ. ನಾತ ಬರಲಿಲ್ಲವೇ ತಾಯಿ ಎಂದೆ.

“ನೆಂದ ಕಂಬ್ಳಿ ವಾಸ್ನೆ ಅಂದ್ಕಂಡಿ ಕಣಪ್ಪ,” ಎಂದಳು. ಕಲ್ಲಿನ ಮೇಲೆ ಕೂತುಬಿಟ್ಟಳು.

ನಮಗೆಲ್ಲ ನಗು ಬಂತು, ತಡೆದುಕೊಂಡೆವು. ಹೆದರಿ ಅಳುತ್ತಾಳೆ ಎಂದುಕೊಂಡೆ, ಅತ್ತಳು ಕೂಡ. ಆದರೆ ಅಳು ಬೇರೆಯದಕ್ಕೆ.

“ಇವತ್ತು ಸೋಮ್ವಾರ ಅಂತ ನಾನು ಬೆಲ್ಲದನ್ನ ಮಾಡಿದ್ದಿ. ಹಿಂದ್ಗಡೆ ಸೊರ್ ಸೊರ್ ಅಂತ ಚಪ್ಪರಿಸ್ಕಂಡು ಉಣ್ಣೋ ಸದ್ದು ಕೇಳ್ತಿತ್ತು. ಈ ಮನೆಗೆ ಬಂದಾಗಿಂದ ಮಾವ ನನ್ ಅಡುಗೆ ಚಂದಾಗಿ ಅದೆ ಅಂದಿರ್ನಿಲ್ಲ. ಇವತ್ತಾದ್ರೂ ಒಪ್ಪುತಲ್ಲ ಅಂತ ಕುಸಿಯಾಗಿ ಕೂತಿದ್ದಿ ಕಣಪ್ಪ.”

ಮಲ್ಲಪ್ಪ ನೆಕ್ಕಿದ ಪಾತ್ರೆಯನ್ನೊಮ್ಮೆ ನೋಡಿದರು. ಆಮೇಲೆ ತಮ್ಮ ಕಂಬಳಿ ತೆಗೆದು, ಅವಳ ಹೆಗಲ ಮೇಲೆ ಹಾಕಿದರು. ಆ ಕಾಲದಲ್ಲಿ ಮಾವ ಸೊಸೆಯ ಅಷ್ಟು ಹತ್ತಿರ ಹೋಗುವುದೂ ಒಂದು ದೊಡ್ಡ ಸಂಗತಿ.

“ಇನ್ಮ್ಯಾಕೆ ನನ್ ಮೊಕ ನೋಡಿ ಅನ್ನ ಇಕ್ಕವ್ವ,” ಎಂದರು. “ಜನ ಏನಾರಾ ಅನ್ಕಳ್ಳಿ ಬುಡು. ನಾನೋ ಕರ್ಡಿಯೋ ನೋಡ್ಕಂಡು ಇಕ್ಕು.”

ಅವಳು ಅಂದು ಮೊದಲ ಬಾರಿಗೆ ಕತ್ತೆತ್ತಿ ಮಾವನ ಮುಖ ನೋಡಿದಳು. ಹೇಗೆ ಕಂಡಿತೋ, ಅಳುವಿನ ನಡುವೆಯೇ ನಕ್ಕುಬಿಟ್ಟಳು. ಆಗ ನಾವು ತಡೆದುಕೊಂಡಿದ್ದ ನಗುವೂ ಹೊರಬಂತು. ಮೇಜರು ನಕ್ಕಷ್ಟು ಯಾರೂ ನಗಲಿಲ್ಲ. ತಮ್ಮ ಚೀಲದಲ್ಲಿದ್ದ ಬ್ರೆಡ್ಡನ್ನು ಮಲ್ಲಪ್ಪನವರಿಗೆ ಕೊಟ್ಟರು. ಅವರು ಅದನ್ನು ತಿರುಗಿಸಿ ಮುರುಗಿಸಿ ನೋಡಿ, ಕರಡಿಯೇ ಜಾಣ ಎಂದರು.

ಸಂಜೆ ರೇಂಜರು ಕಣ್ಣೆದುರಿನ ಕರಡಿ ಬಿಟ್ಟು ಬಂದಿರಲ್ಲ ಎಂದು ಮೊದಲು ಕೂಗಾಡಿದರು. ಪೂರ್ತಿ ಕೇಳಿದ ಮೇಲೆ ಕೂಡಲೇ ಸನ್ನೆ ಬದಲಾಯಿಸಿದರು. ಅಂದಿನಿಂದ ನಮ್ಮ ರೇಂಜಿನಲ್ಲಿ ನಿಲ್ಲು ಎನ್ನಲು ಟವೆಲನ್ನು ತಲೆಯ ಮೇಲೆ ಹಾಕಿಕೊಂಡರೆ ಸಾಕು. ಒಂದು ಕೈಯ ಕೆಲಸ, ದುರ್ಬೀನು ಕಣ್ಣಿನಲ್ಲೇ ಇರುತ್ತದೆ. ಹೊಸಬರೇ, ನೀವೂ ಯಾವುದಾದರೂ ಸನ್ನೆ ಮಾಡಿಕೊಂಡರೆ ಮೊದಲು ಇದನ್ನು ಯೋಚಿಸಿ. ಸನ್ನೆ ಕೊಡುವವನು ಕುರುಡಾಗಬಾರದು. ಆ ಕರಡಿ ಆಮೇಲೆ ಆ ಸೀಮೆಯಲ್ಲಿ ಯಾರ ಮೈಮೇಲೂ ಬೀಳಲಿಲ್ಲ, ಮೇಜರಿಗೂ ಸಿಕ್ಕಲಿಲ್ಲ. ಬೆಲ್ಲದನ್ನದ ಋಣ ಎಂದು ಬೇಗೂರಿನ ಸಂತೆಯಲ್ಲಿ ಜನ ಆಡಿಕೊಂಡರು. ನನಗೆ ಗೊತ್ತಿಲ್ಲ. ಕರಡಿಯ ಮನಸ್ಸನ್ನು ನೋಡುವ ದುರ್ಬೀನು ಇನ್ನೂ ಬಂದಿಲ್ಲ.

ಅವರೆಕಾಯಿ ಕಾಲದಲ್ಲಿ ಬೇರೆ ಅತಿಥಿಯೊಬ್ಬರ ಜೊತೆ ಅದೇ ಬಂಡೆಗೆ ಹೋದೆ. ಇಬ್ಬನಿ ಆರಿ ಬಿಸಿಲು ಬಂದಿತ್ತು, ಗಾಜು ತಿಳಿಯಾಗಿತ್ತು. ಅಭ್ಯಾಸದಂತೆ ಮೊದಲು ಮನುಷ್ಯರನ್ನು ಹುಡುಕಿದೆ. ಹೊಂಗೆ ಮರದ ಕೆಳಗೆ ಮಲ್ಲಪ್ಪ ಉಣ್ಣುತ್ತಿದ್ದರು. ಚಿಕ್ಕತಾಯಮ್ಮ ಎದುರಿಗೇ ಕೂತು ಕೈ ಆಡಿಸುತ್ತಾ ಏನೋ ಹೇಳುತ್ತಿದ್ದಳು. ಮಾತು ನನಗೆ ಕೇಳುವ ಹಾಗಿಲ್ಲ. ಅತಿಥಿ ಕರಡಿ ಕಂಡಿತೇ ಎಂದು ಪಿಸುಗುಟ್ಟಿದರು. ತಡೀರಿ ಸ್ವಾಮಿ ಎಂದೆ. ಅವಳು ಏನೋ ಕೇಳಿದಳು. ಮಲ್ಲಪ್ಪ ತಲೆದೂಗಿ, ತಟ್ಟೆಯನ್ನು ಅವಳ ಮುಂದಕ್ಕೆ ಮತ್ತೆ ಚಾಚಿದರು.